ಕೂಡಿ ಹಾಡದವರು

ರಸಿಕ: ಹಳೆಯ ಹಿಂದಿ ಚಿತ್ರಗೀತೆಗಳ ಮಾತು ಎಲ್ಲಿ ಶುರುವಾದರೂ ಒಂದು ಕೊರಗಿಗೆ ಬಂದು ನಿಲ್ಲುತ್ತದೆ. ಓ.ಪಿ. ನಯ್ಯರ್ ಸಂಗೀತಕ್ಕೆ ಲತಾ ಮಂಗೇಶ್ಕರ್ ಒಂದೇ ಒಂದು ಹಾಡನ್ನೂ ಹಾಡಲಿಲ್ಲ. 1952ರ ‘ಆಸ್ಮಾನ್’ ಚಿತ್ರದಿಂದ ಹಿಡಿದು ಎಪ್ಪತ್ತರ ದಶಕದವರೆಗೆ ಇಬ್ಬರೂ ಅದೇ ಮುಂಬಯಿಯಲ್ಲಿ, ಹೆಚ್ಚುಕಡಿಮೆ ಅವೇ ವಾದ್ಯಗಾರರ ನಡುವೆ ದುಡಿದವರು. ಒಬ್ಬರದು ನಿರ್ಮಾಪಕರೆಲ್ಲ ಸಾಲುಗಟ್ಟಿ ಕಾಯುತ್ತಿದ್ದ ಕಂಠ. ಇನ್ನೊಬ್ಬರದು ಕೇಳಿದ ತಕ್ಷಣ ಕಾಲು ತಾಳ ಹಾಕುವ ಲಯ. ಆದರೂ ಕೂಡಲಿಲ್ಲ. ಇಂಥ ಕೊರಗು ಬೇರೆ ಕಡೆಯೂ ಉಂಟು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಮತ್ತು ಸಿತಾರ್ ವಾದಕ ರವಿಶಂಕರ್ ಜೊತೆಯಾಗಿ ನುಡಿಸಬಹುದಿತ್ತು, ನುಡಿಸಲಿಲ್ಲ. ಗಿಟಾರಿನ ಜಿಮಿ ಹೆಂಡ್ರಿಕ್ಸ್, ಟ್ರಂಪೆಟ್ಟಿನ ಮೈಲ್ಸ್ ಡೇವಿಸ್ ಒಂದು ಧ್ವನಿಮುದ್ರಣಕ್ಕೆ ತೀರ ಹತ್ತಿರ ಬಂದು ದೂರವಾದರು. ಇವೆಲ್ಲ ಸಂಗೀತಕ್ಕಾದ ನಷ್ಟ ಎಂದೇ ನಾನು ಎಣಿಸಿದ್ದೇನೆ. ದೊಡ್ಡವರಿಬ್ಬರು ಕೂಡಿದರೆ ಇನ್ನೂ ದೊಡ್ಡದೊಂದು ಹುಟ್ಟುತ್ತದೆ ಎಂದು ನಂಬುವುದರಲ್ಲಿ ತಪ್ಪೇನಿದೆ?

ವಿಮರ್ಶಕ: ನಂಬಿಕೆ ಸಹಜವೇ. ಆದರೆ ನಷ್ಟ ಎಂದು ಬರೆದುಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಅದು ಏಕೆ ನಡೆಯಲಿಲ್ಲ? ನೀವು ಹೇಳಿದ ಹೆಸರುಗಳನ್ನೆಲ್ಲ ಒಂದೇ ಪಟ್ಟಿಗೆ ಸೇರಿಸಿದ್ದೀರಿ. ಆದರೆ ಅವುಗಳ ಹಿಂದಿನ ಕಾರಣ ಬೇರೆ ಬೇರೆ. ಒಂದು ಕಡೆ ಕಲಾವಿದರೇ ಬೇಡವೆಂದರು, ಇನ್ನೊಂದು ಕಡೆ ಸಾವು ಅಡ್ಡ ಬಂತು. ನಡೆಯದ ಜೊತೆಗಾರಿಕೆಯ ಬೆಲೆಯನ್ನು ಆ ಇಬ್ಬರ ಹೆಸರಿನ ತೂಕದಿಂದ ಅಳೆಯಲಾಗದು, ನಡೆಯದಿದ್ದ ಕಾರಣದಿಂದ ಅಳೆಯಬೇಕು ಎಂಬುದು ನನ್ನ ವಾದ. ಕಲಾವಿದನೊಬ್ಬ ತನ್ನ ಕಲೆಯ ಅಗತ್ಯ ನೋಡಿಕೊಂಡು ಬೇಡ ಎಂದಿದ್ದರೆ ಆ ನಿರಾಕರಣೆಯೂ ಅವನ ಕೃತಿಯ ಭಾಗವೇ. ನಯ್ಯರ್ ಅವರ ವಿಷಯದಲ್ಲಿ ಆದದ್ದು ಅದೇ. ಅವರು ಸಂದರ್ಶನಗಳಲ್ಲಿ ಕೊಡುತ್ತಿದ್ದ ಕಾರಣ ನೇರವಾದದ್ದು: ಲತಾ ಅವರ ಕಂಠ ತಮ್ಮ ಶೈಲಿಗೆ ಹೊಂದುವುದಿಲ್ಲ, ತಮಗೆ ಬೇಕಾದದ್ದು ತುಂಬು ಕಂಠ. ‘ಆಸ್ಮಾನ್’ ಕಾಲದಲ್ಲಿ ಇಬ್ಬರ ನಡುವೆ ಏನೋ ಮನಸ್ತಾಪವಾಯಿತು ಎಂಬ ಕಥೆಗಳೂ ಇವೆ. ಒಂದು ಕಥೆ ಇನ್ನೊಂದಕ್ಕೆ ಹೊಂದುವುದಿಲ್ಲ, ಅವು ನಮಗೆ ಬೇಡ. ಹಾಡುಗಳೇ ಸಾಕ್ಷಿ ನುಡಿಯುತ್ತವೆ. ‘ಆರ್ ಪಾರ್’ (1954), ‘ಮಿಸ್ಟರ್ ಅಂಡ್ ಮಿಸೆಸ್ 55’ (1955), ‘ಸಿ.ಐ.ಡಿ.’ (1956) ಈ ಮೂರು ಚಿತ್ರಗಳನ್ನು ಕೇಳಿ. ಗೀತಾ ದತ್ ಅವರ ದನಿಯಲ್ಲಿ ಅರ್ಧ ಮಾತು ಅರ್ಧ ಹಾಡು ಎನ್ನುವಂಥ ಸಲಿಗೆಯಿದೆ. ಶಂಶಾದ್ ಬೇಗಂ ಅವರದು ಬಯಲಿನಲ್ಲಿ ನಿಂತು ಕರೆದಂಥ ದನಿ. ಕುದುರೆ ಗೊರಸಿನ ತಾಳ, ನಡುನಡುವೆ ಸಾರಂಗಿ, ಕ್ಲಾರಿನೆಟ್ಟು, ಮಾತಿನ ಮೇಲೆ ಬೀಳುವ ಪೆಟ್ಟು, ಇವೆಲ್ಲ ಆ ದನಿಗಳಿಗಾಗಿಯೇ ಹೊಲಿದವು. ಲತಾ ಅವರ ಕಂಠದ ಸೊಗಸು ಸ್ವರದಿಂದ ಸ್ವರಕ್ಕೆ ಎಳೆ ಕಡಿಯದೆ ಸಾಗುವುದರಲ್ಲಿದೆ. ನಯ್ಯರ್ ಹಾಡುಗಳ ಸೊಗಸು ಆ ಎಳೆಯನ್ನು ಬೇಕೆಂದೇ ಕಡಿಯುವುದರಲ್ಲಿದೆ.

ರಸಿಕ: ಇದು ಕೊಂಚ ಹೆಚ್ಚಾಯಿತು. ಲತಾ ಅವರನ್ನು ಒಂದೇ ಬಗೆಯ ಹಾಡಿಗೆ ಕಟ್ಟಿಹಾಕಬೇಡಿ. ಮದನ್ ಮೋಹನ್ ಅವರಿಗೆ ಗಜಲ್ ಹಾಡಿದ ಅದೇ ಕಂಠ 1969ರ ‘ಇಂತಕಾಮ್’ ಚಿತ್ರದಲ್ಲಿ ಕ್ಯಾಬರೆ ಹಾಡನ್ನೂ ಹಾಡಿ ಗೆದ್ದಿತು. ನಮ್ಮ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ದಲ್ಲಿ, 1967ರಲ್ಲಿ, ತಮ್ಮದಲ್ಲದ ಕನ್ನಡವನ್ನೂ ಅವರು ಹಾಡಿದರು. ಅಂಥವರಿಗೆ ನಯ್ಯರ್ ಲಯ ಒಗ್ಗುತ್ತಿರಲಿಲ್ಲ ಎಂದು ನೀವು ಹೇಗೆ ಹೇಳುತ್ತೀರಿ? ನಯ್ಯರ್ ಅವರಾದರೂ ಒಂದೇ ಅಚ್ಚಿನವರೇ? ‘ಕಾಶ್ಮೀರ್ ಕಿ ಕಲಿ’ಯಲ್ಲಿ ಎಷ್ಟು ಮೆತ್ತನೆಯ ಹಾಡುಗಳಿವೆ! ಇಬ್ಬರಿಗೂ ಬದಲಾಗುವ ಶಕ್ತಿ ಇತ್ತು. ಕೂಡಿದ್ದರೆ ಇಬ್ಬರೂ ಬದಲಾಗುತ್ತಿದ್ದರು, ಅದೇ ತಾನೇ ಜೊತೆಗಾರಿಕೆಯ ಫಲ?

ವಿಮರ್ಶಕ: ಬದಲಾಗುತ್ತಿದ್ದರು, ಒಪ್ಪುತ್ತೇನೆ. ಲತಾ ಹಾಡಲಾರರು ಎಂದು ನಾನು ಹೇಳುತ್ತಿಲ್ಲ. ಅವರು ಹಾಡಿದ್ದರೆ ನಮಗೆ ಏನು ಸಿಗುತ್ತಿರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ ಎನ್ನುತ್ತಿದ್ದೇನೆ. 1957ರ ‘ನಯಾ ದೌರ್’ ನೋಡಿ. ಅದು ಬಿ.ಆರ್. ಚೋಪ್ರಾ ಅವರ ದೊಡ್ಡ ಚಿತ್ರ, ನಾಯಕಿ ವೈಜಯಂತಿಮಾಲಾ. ಆ ಹೊತ್ತಿಗೆ ಆಶಾ ಭೋಸ್ಲೆ ನೂರಾರು ಹಾಡು ಹಾಡಿದ್ದರೂ ದೊಡ್ಡ ಚಿತ್ರದ ನಾಯಕಿಯ ದನಿ ಅವರ ಪಾಲಿಗೆ ಬರುತ್ತಿರಲಿಲ್ಲ. ಆ ಸ್ಥಾನ ಅಕ್ಕ ಲತಾ ಅವರದಾಗಿತ್ತು. ನಯ್ಯರ್ ಆ ಹಾಡುಗಳನ್ನು ಆಶಾಗೆ ಕೊಟ್ಟರು. ಆ ಚಿತ್ರಕ್ಕೆ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು, ಆಶಾಗೆ ದಾರಿ ತೆರೆಯಿತು. ಅಲ್ಲಿಂದ 1974ರ ‘ಪ್ರಾಣ್ ಜಾಯೆ ಪರ್ ವಚನ್ ನ ಜಾಯೆ’ವರೆಗೆ ಆ ಇಬ್ಬರ ದುಡಿಮೆಯಲ್ಲಿ ಆಶಾ ಕಂಠದ ಕೆಳಗಿನ ಸ್ಥಾಯಿ, ಉಸಿರಿನ ಆಟ, ಮಾತಿನ ಒನಪು ಎಲ್ಲ ಒಂದೊಂದಾಗಿ ಹೊರಬಂದವು. ನಂತರ ಆರ್.ಡಿ. ಬರ್ಮನ್ ಕಟ್ಟಿದ ಮನೆಯ ಅಡಿಪಾಯ ಇಲ್ಲಿ ಬಿದ್ದಿತ್ತು. ಕೈಗೆ ಸಿಗುವ ಅತ್ಯುತ್ತಮ ಹೆಸರನ್ನು ಬಿಟ್ಟ ಸಂಗೀತ ನಿರ್ದೇಶಕನೊಬ್ಬ ಎರಡನೆಯ ಸಾಲಿನಲ್ಲಿ ನಿಂತಿದ್ದವರನ್ನು ಮೊದಲ ಸಾಲಿಗೆ ತಂದ. ಲತಾ ಅವರ ಗೈರುಹಾಜರಿ ನಯ್ಯರ್ ಸಂಗೀತದಲ್ಲಿ ಬರಿದಾದ ಜಾಗವಾಗಿ ಉಳಿಯಲಿಲ್ಲ. ಆ ಸಂಗೀತ ಹೀಗಿರುವುದಕ್ಕೆ ಅದೂ ಒಂದು ಕಾರಣ.

ರಸಿಕ: ಆಶಾ ಅವರಂಥ ಪ್ರತಿಭೆ ಇವತ್ತಲ್ಲ ನಾಳೆ ಮೇಲೆ ಬರುತ್ತಲೇ ಇತ್ತು. ಆದದ್ದನ್ನೆಲ್ಲ ಒಳ್ಳೆಯದಕ್ಕೇ ಆಯಿತು ಎನ್ನುವುದು ಸಮಾಧಾನದ ಮಾತಾಯಿತೇ ಹೊರತು ವಾದವಾಗಲಿಲ್ಲ.

ವಿಮರ್ಶಕ: ಒಂದೇ ಉದಾಹರಣೆಯಾಗಿದ್ದರೆ ನಿಮ್ಮ ಮಾತು ಗೆಲ್ಲುತ್ತಿತ್ತು. ಆದರೆ ಅದೇ ಹತ್ತು ವರ್ಷಗಳಲ್ಲಿ ಅದೇ ಮುಂಬಯಿಯಲ್ಲಿ ಇನ್ನೆರಡು ಅಗಲಿಕೆಗಳು ನಡೆದವು, ಅವೂ ಲತಾ ಅವರದೇ. ಸಂಗೀತ ನಿರ್ದೇಶಕ ಎಸ್.ಡಿ. ಬರ್ಮನ್ ಅವರಿಗೂ ಲತಾಗೂ ಐವತ್ತರ ದಶಕದ ಕೊನೆಯಲ್ಲಿ ಮನಸ್ತಾಪವಾಗಿ ಕೆಲವು ವರ್ಷ ಮಾತೇ ನಿಂತುಹೋಯಿತು. ಆ ವರ್ಷಗಳ ಬರ್ಮನ್ ಚಿತ್ರಗಳನ್ನು ತೆಗೆದು ನೋಡಿ: ‘ಕಾಲಾ ಪಾನಿ’, ‘ಚಲ್ತಿ ಕಾ ನಾಮ್ ಗಾಡಿ’, ಎರಡೂ 1958, ‘ಸುಜಾತಾ’ 1959. ನಾಯಕಿಯರ ಹಾಡುಗಳು ಆಶಾಗೆ, ಗೀತಾಗೆ ಹೋದವು. ಮುನಿಸು ತೀರಿದ ಮೇಲೆ ಬಂದದ್ದು 1963ರ ‘ಬಂದಿನಿ’. ಅಲ್ಲಿ ಲತಾ ಇದ್ದಾರೆ, ಆಶಾ ಕೂಡ ಇದ್ದಾರೆ. ಹುಡುಗಿಯ ಮೊದಲ ಪ್ರೇಮದ ನಾಚಿಕೆಯನ್ನು ಬರ್ಮನ್ ಅಕ್ಕನಿಗೆ ಕೊಟ್ಟರು. ಜೈಲಿನ ಹೆಣ್ಣೊಬ್ಬಳು ತವರನ್ನು ನೆನೆಯುವ ಹಾಡನ್ನು ತಂಗಿಗೆ ಕೊಟ್ಟರು. ಮುನಿಸಿಗೆ ಮೊದಲಿನ ಬರ್ಮನ್ ಇಂಥ ಹಂಚಿಕೆ ಮಾಡುತ್ತಿದ್ದರೋ ಇಲ್ಲವೋ ಎಂಬುದಕ್ಕೆ ಪುರಾವೆ ಬೇಕಿಲ್ಲ. ಆ ಎರಡನೆಯ ದನಿ ಏನು ಮಾಡಬಲ್ಲದು ಎಂದು ಅವರು ಅಷ್ಟು ಹತ್ತಿರದಿಂದ ಕಂಡುಕೊಂಡದ್ದು ಆ ಅಗಲಿಕೆಯಲ್ಲೇ. ಇನ್ನೊಂದು ಲತಾ ಮತ್ತು ಮಹಮ್ಮದ್ ರಫಿ ಅವರದು. ಗಾಯಕರಿಗೆ ರಾಯಲ್ಟಿ ಸಿಗಬೇಕೆಂದು ಲತಾ ಪಟ್ಟು ಹಿಡಿದರು; ಹಾಡಿ ಹಣ ಪಡೆದ ಮೇಲೆ ಮುಗಿಯಿತು ಎಂದು ರಫಿ ಅಂದುಕೊಂಡಿದ್ದರು. ಅರವತ್ತರ ದಶಕದಲ್ಲಿ ಕೆಲವು ವರ್ಷ ಇಬ್ಬರೂ ಜೊತೆಗೆ ಹಾಡಲೇ ಇಲ್ಲ. (ಈ ಜಗಳದಲ್ಲಿ ನ್ಯಾಯ ಲತಾ ಅವರ ಕಡೆಗಿತ್ತು ಎಂದೇ ನನ್ನ ಅಭಿಪ್ರಾಯ, ರಫಿ ಅವರ ಔದಾರ್ಯ ದೊಡ್ಡದು, ಆದರೆ ಔದಾರ್ಯ ತೋರಲಾಗದ ಬಡ ಗಾಯಕರಿಗೆ ಅದರಿಂದ ಏನೂ ದಕ್ಕಲಿಲ್ಲ.) ಆ ವರ್ಷಗಳ ಯುಗಳಗೀತೆಗಳಲ್ಲಿ ರಫಿ ಪಕ್ಕದಲ್ಲಿ ನಿಂತವರು ಸುಮನ್ ಕಲ್ಯಾಣಪುರ. ತವರಿನ ಹೆಸರು ಹೆಮ್ಮಾಡಿ, ಕುಂದಾಪುರದ ಕಡೆಯ ಊರಿನ ಹೆಸರು ಹೊತ್ತ ಮನೆತನ. 1964ರ ‘ರಾಜ್‌ಕುಮಾರ್’, 1965ರ ‘ಜಬ್ ಜಬ್ ಫೂಲ್ ಖಿಲೆ’ ಇಂದಿಗೂ ಆ ದನಿಯಿಂದ ಬೆಳಗುತ್ತವೆ. 1967ರ ‘ಜ್ಯುಯೆಲ್ ಥೀಫ್’ ಹೊತ್ತಿಗೆ ಲತಾ-ರಫಿ ಮತ್ತೆ ಒಂದಾದರು, ಸುಮನ್ ಅವರಿಗೆ ಅಂಥ ಹಾಡುಗಳು ಮೊದಲಿನಷ್ಟು ಬರಲಿಲ್ಲ. ಪದ್ಮಭೂಷಣ ಬಂದದ್ದು 2023ರಲ್ಲಿ. ಈಗ ಹೇಳಿ, ಇದರಲ್ಲಿ ಯಾವುದನ್ನು ನಷ್ಟದ ಕಡೆ ಬರೆಯುತ್ತೀರಿ?

ರಸಿಕ: ಸುಮನ್ ಅವರ ವಿಷಯದಲ್ಲಿ ನಾನು ಸೋತೆ. ಆದರೆ ಇದು ಚಿತ್ರರಂಗ. ಅಲ್ಲಿ ಹಾಡು ಹೇಗೂ ಧ್ವನಿಮುದ್ರಣವಾಗಲೇಬೇಕು, ಒಬ್ಬರಿಲ್ಲದಿದ್ದರೆ ಇನ್ನೊಬ್ಬರು ಬರುತ್ತಾರೆ. ಕೋಲ್ಟ್ರೇನ್ ವಿಷಯ ಹಾಗಲ್ಲ. ಅವರ ಜಾಗಕ್ಕೆ ಇನ್ನೊಬ್ಬರನ್ನು ತರುವಂತಿಲ್ಲ. ಅಲ್ಲಿ ಯಾರೂ ಬೇಡವೆನ್ನಲೂ ಇಲ್ಲ.

ವಿಮರ್ಶಕ: ನಿಜ, ಅಲ್ಲಿ ಮನಸ್ಸಿತ್ತು, ಸಿದ್ಧತೆಯೂ ಇತ್ತು. 1961ರ ನವೆಂಬರಿನಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಕೋಲ್ಟ್ರೇನ್ ‘ಇಂಡಿಯಾ’ ಎಂಬ ರಚನೆ ನುಡಿಸಿದರು. ಅದರಲ್ಲಿ ಇಬ್ಬರು ಬೇಸ್ ವಾದಕರು, ತಂಬೂರಿಯ ಶ್ರುತಿಯಂತೆ ಕೆಳಗೆ ಹರಿಯುವ ಒಂದೇ ನೆಲೆ, ಅದರ ಮೇಲೆ ಸ್ಯಾಕ್ಸೊಫೋನಿನ ಅಲೆದಾಟ. ಅರವತ್ತರ ದಶಕದ ನಡುವಿನಲ್ಲಿ ಅವರು ರವಿಶಂಕರ್ ಅವರನ್ನು ಕಂಡು ರಾಗದ ಪಾಠ ಕೇಳಿಸಿಕೊಂಡರು. 1965ರಲ್ಲಿ ಹುಟ್ಟಿದ ಮಗನಿಗೆ ರವಿ ಎಂದು ಹೆಸರಿಟ್ಟರು. 1967ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಕೆಲವು ವಾರ ಕೂತು ಕಲಿಯುವ ಏರ್ಪಾಡಾಗಿತ್ತು; ಆ ವರ್ಷ ಜುಲೈ 17ರಂದು, ನಲವತ್ತರ ವಯಸ್ಸಿನಲ್ಲಿ, ಯಕೃತ್ತಿನ ಕ್ಯಾನ್ಸರಿನಿಂದ ಕೋಲ್ಟ್ರೇನ್ ತೀರಿಕೊಂಡರು. ಇದನ್ನು ನಷ್ಟವೆನ್ನದೆ ಇರಲು ಮನಸ್ಸು ಕಲ್ಲಾಗಿರಬೇಕು. ಆದರೆ ಏನು ನಷ್ಟವಾಯಿತು ಎಂಬುದನ್ನು ಸರಿಯಾಗಿ ಹೆಸರಿಸೋಣ. ನೀವು ಕಲ್ಪಿಸಿಕೊಳ್ಳುವುದು ಇಬ್ಬರೂ ಒಂದೇ ವೇದಿಕೆಯಲ್ಲಿ ನುಡಿಸಿದ ಒಂದು ಧ್ವನಿಮುದ್ರಿಕೆಯನ್ನು. ಕೋಲ್ಟ್ರೇನ್ ಹೊರಟಿದ್ದದ್ದು ಶಿಷ್ಯನಾಗಿ. ರವಿಶಂಕರ್ ಅವರಿಗೆ ಕೋಲ್ಟ್ರೇನ್ ಅವರ ಆಗಿನ ಸಂಗೀತದಲ್ಲಿದ್ದ ತಳಮಳ ಅರ್ಥವಾಗಿರಲಿಲ್ಲ. ಅಷ್ಟು ಸೌಮ್ಯ, ಅಧ್ಯಾತ್ಮದ ಕಡೆ ತಿರುಗಿದ ಮನುಷ್ಯನಿಂದ ಅಂಥ ಕೂಗು ಏಕೆ ಬರುತ್ತದೆ ಎಂಬ ಗೊಂದಲವನ್ನು ಅವರು ಮುಚ್ಚಿಡಲಿಲ್ಲ. ಒಬ್ಬರು ಶಾಂತಿಯ ಕಡೆ ಹೋಗಲು ರಾಗವನ್ನು ಹಿಡಿದವರು, ಇನ್ನೊಬ್ಬರು ಅದೇ ಕಡೆ ಹೋಗಲು ಸ್ವರದ ಗಡಿಯನ್ನೇ ಒಡೆದವರು. ಆ ಕೆಲವು ವಾರದಲ್ಲಿ ಇವರ ನಡುವೆ ಹಾಸುಹೊಕ್ಕಾದ ಸಂಭಾಷಣೆ ಹುಟ್ಟುತ್ತಿತ್ತು ಎಂದು ನಂಬಲು ಆಧಾರವಿಲ್ಲ.

ಇಬ್ಬರು ಕೂಡಿ ನುಡಿಸುವುದು ಎಷ್ಟು ದೀರ್ಘ ಕಾಲದ ಕೆಲಸ ಎಂಬುದಕ್ಕೆ ರವಿಶಂಕರ್ ಅವರ ಬದುಕಿನಲ್ಲೇ ಸಾಕ್ಷಿ ಇದೆ. ಸರೋದ್ ವಾದಕ ಅಲಿ ಅಕ್ಬರ್ ಖಾನ್ ಜೊತೆಗಿನ ಅವರ ಜುಗಲ್‌ಬಂದಿ ಹಾಗೆ ಬೆರೆಯುತ್ತಿದ್ದದ್ದು ಏಕೆ? ಇಬ್ಬರೂ ಮೈಹರ್‌ನಲ್ಲಿ ಅಲ್ಲಾವುದ್ದೀನ್ ಖಾನ್ ಅವರ ಮುಂದೆ ಕೂತು ವರ್ಷಗಟ್ಟಲೆ ತಾಲೀಮು ಮಾಡಿದವರು. ಆ ಗುರು ತೀರಿಕೊಂಡ ಮರುತಿಂಗಳು, 1972ರ ಅಕ್ಟೋಬರಿನಲ್ಲಿ, ನ್ಯೂಯಾರ್ಕಿನಲ್ಲಿ ಇಬ್ಬರೂ ನುಡಿಸಿದ ಕಛೇರಿ ದೊರೆಯುತ್ತದೆ. ಒಬ್ಬರ ಮಾತನ್ನು ಇನ್ನೊಬ್ಬರು ನಡುವಿನಲ್ಲೇ ಎತ್ತಿಕೊಳ್ಳುತ್ತಾರೆ. ಪಿಟೀಲು ವಾದಕ ಯೆಹೂದಿ ಮೆನುಹಿನ್ ಜೊತೆಗಿನ ‘ವೆಸ್ಟ್ ಮೀಟ್ಸ್ ಈಸ್ಟ್’ಗೆ 1967ರ ಸಾಲಿನ ಗ್ರ್ಯಾಮಿ ಬಂತು, ಜಗತ್ತಿನಾದ್ಯಂತ ಮೆಚ್ಚುಗೆ ಬಂತು. ಆದರೂ ಕಿವಿಗೊಟ್ಟು ಕೇಳಿದರೆ ಗೊತ್ತಾಗುತ್ತದೆ: ಮೆನುಹಿನ್ ಮನೋಧರ್ಮದ ಸಂಗೀತಗಾರರಲ್ಲ, ಅವರು ನುಡಿಸುವುದನ್ನು ಮೊದಲೇ ರಚಿಸಿ ಬರೆದುಕೊಡಲಾಗಿತ್ತು. ಗೌರವ ಇದೆ, ಪ್ರೀತಿ ಇದೆ, ಜೊತೆಯಾಗಿ ಯೋಚಿಸುವುದು ಇಲ್ಲ. ಇಬ್ಬರು ಮಹಾನುಭಾವರು ಕೂಡಿಯೂ ಹೀಗಾಗಬಹುದಾದರೆ, ಕೂಡದೆ ಹೋದದ್ದನ್ನೆಲ್ಲ ಮೇರುಕೃತಿ ಎಂದು ಊಹಿಸಿಕೊಂಡು ಅಳುವುದು ಸರಿಯಲ್ಲ.

ರಸಿಕ: ಆದರೆ ಕೋಲ್ಟ್ರೇನ್ ಅವರ ಹುಡುಕಾಟದ ಹಿಂದೆ ಒಂದು ಪ್ರಶ್ನೆ ಇತ್ತಲ್ಲ, ಊದುವ ಆ ಲೋಹದ ವಾದ್ಯದಲ್ಲಿ ರಾಗ ನಿಲ್ಲುತ್ತದೆಯೇ ಎಂದು? ಆ ಪ್ರಶ್ನೆಯೂ ಅವರ ಜೊತೆಗೆ ಹೋಯಿತು ತಾನೆ?

ವಿಮರ್ಶಕ: ಹೋಗಲಿಲ್ಲ. ಅದಕ್ಕೆ ಉತ್ತರ ಬಂದದ್ದು ಮಂಗಳೂರಿನಿಂದ. ಬಂಟ್ವಾಳದ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಕೋಲ್ಟ್ರೇನ್ ಅವರನ್ನು ಕೇಳಿ ಈ ಕೆಲಸಕ್ಕೆ ಇಳಿದವರಲ್ಲ. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರು. ಸ್ವರಕ್ಕೊಂದು ಕೀಲಿಯಿರುವ ವಾದ್ಯದಲ್ಲಿ ಎರಡು ಸ್ವರಗಳ ನಡುವೆ ತೂಗಾಡುವ ಗಮಕವನ್ನು ಹೇಗೆ ತರುವುದು? ತುಟಿಯ ಹಿಡಿತ, ಉಸಿರಿನ ಒತ್ತಡ, ಕೀಲಿಯನ್ನು ಅರೆಬರೆ ಒತ್ತುವ ಬೆರಳು, ವಾದ್ಯಕ್ಕೇ ಮಾಡಿಕೊಂಡ ಕೆಲವು ಮಾರ್ಪಾಡು, ಇವೆಲ್ಲ ಸೇರಿ ಅದನ್ನು ಒಲಿಸಿಕೊಳ್ಳಲು ಅವರಿಗೆ ಇಪ್ಪತ್ತು ವರ್ಷದ ಹತ್ತಿರ ಹಿಡಿಯಿತು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್, ಚೆನ್ನೈಯಲ್ಲಿ ಟಿ.ವಿ. ಗೋಪಾಲಕೃಷ್ಣನ್ ಪಾಠ ಹೇಳಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರಾಮ್ಸ್ ವೇದಿಕೆ ಏರಿದ ಮೊದಲ ಕರ್ನಾಟಕ ಸಂಗೀತಗಾರ ಅವರೇ. ನಾನು ಹೇಳುತ್ತಿರುವುದು ಇಷ್ಟೇ: ವ್ಯಕ್ತಿ ಸಾಯುತ್ತಾನೆ, ಆದರೆ ಪ್ರಶ್ನೆ ಸಂಗೀತದ ಒಳಗಿನದಾಗಿದ್ದರೆ ಎಲ್ಲೋ ಯಾರೋ ಅದನ್ನು ತಮ್ಮದೇ ದಾರಿಯಲ್ಲಿ ಹುಡುಕಿಕೊಂಡು ಬರುತ್ತಾರೆ. ಹೆಂಡ್ರಿಕ್ಸ್ ವಿಷಯವೂ ಹೆಚ್ಚುಕಡಿಮೆ ಹೀಗೆಯೇ. 1969ರ ಅಕ್ಟೋಬರಿನಲ್ಲಿ ಅವರ ಕಡೆಯಿಂದ ಲಂಡನ್ನಿಗೆ, ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಗೆ, ಒಂದು ತಂತಿ ಹೋಯಿತು: ಮೈಲ್ಸ್ ಡೇವಿಸ್, ಡ್ರಮ್ಸಿನ ಟೋನಿ ವಿಲಿಯಮ್ಸ್ ಜೊತೆ ವಾರಾಂತ್ಯದಲ್ಲಿ ಧ್ವನಿಮುದ್ರಣ, ಬೇಸ್ ನುಡಿಸಲು ಬನ್ನಿ ಎಂದು. ಮೆಕಾರ್ಟ್ನಿ ರಜೆಯಲ್ಲಿದ್ದಾರೆ, ಎರಡು ವಾರ ಬರುವುದಿಲ್ಲ ಎಂದು ಅವರ ಕಚೇರಿ ಉತ್ತರ ಬರೆಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಹೆಂಡ್ರಿಕ್ಸ್ ತೀರಿಕೊಂಡರು. ಆ ತಂತಿಯ ಸುತ್ತ ಎಷ್ಟು ಕನಸು ಕಟ್ಟಿದ್ದಾರೋ! ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು, ಹೆಂಡ್ರಿಕ್ಸ್ ಜೊತೆ ಕೆಲಸ ಮಾಡಬೇಕೆಂದಿದ್ದ ಗಿಲ್ ಇವಾನ್ಸ್ 1974ರಲ್ಲಿ ಅವರ ರಚನೆಗಳನ್ನು ದೊಡ್ಡ ವಾದ್ಯವೃಂದಕ್ಕೆ ಹೊಂದಿಸಿ ಮುದ್ರಿಸಿದ್ದು.

ರಸಿಕ: ನಿಮ್ಮ ವಾದದ ದಾರಿ ಈಗ ನನಗೆ ಕಾಣುತ್ತಿದೆ, ಅದರ ತೊಡಕೂ ಕಾಣುತ್ತಿದೆ. ಕಲಾವಿದರೇ ಬೇಡವೆಂದರೆ ಅದು ಕಲೆಯ ತೀರ್ಮಾನ, ಸಾವು ತಡೆದರೆ ಪ್ರಶ್ನೆ ಬೇರೆ ದಾರಿ ಹಿಡಿಯುತ್ತದೆ. ಅಂದರೆ ಏನೇ ಆದರೂ ಚಿಂತೆಯಿಲ್ಲ ಎಂದಾಯಿತು. ಆದರೆ ‘ಬೇಡ’ ಎಂದವರು ನಿಜವಾಗಿ ತಾವೇ ಬೇಡವೆಂದರೇ? ರವಿಶಂಕರ್ ಅವರ ಹೆಸರು ಎತ್ತಿದಿರಿ, ಅಲಿ ಅಕ್ಬರ್ ಅವರ ಹೆಸರು ಎತ್ತಿದಿರಿ. ಅದೇ ಮೈಹರ್‌ನಲ್ಲಿ ಅದೇ ಗುರುವಿನ ಮುಂದೆ ಕೂತಿದ್ದ ಮೂರನೆಯವರನ್ನು ಬಿಟ್ಟಿರಿ. ಅನ್ನಪೂರ್ಣಾ ದೇವಿ ಅಲ್ಲಾವುದ್ದೀನರ ಮಗಳು, ಸುರಬಹಾರ್ ವಾದಕಿ. 1941ರಲ್ಲಿ ರವಿಶಂಕರ್ ಅವರನ್ನು ಮದುವೆಯಾದರು. ಗಂಡ ಹೆಂಡತಿ ಸೇರಿ ಬೆರಳೆಣಿಕೆಯಷ್ಟು ಕಛೇರಿ ನುಡಿಸಿದ್ದರು. ಐವತ್ತರ ದಶಕದಲ್ಲಿ ಅನ್ನಪೂರ್ಣಾ ವೇದಿಕೆ ಬಿಟ್ಟರು, 2018ರಲ್ಲಿ ತೀರಿಕೊಳ್ಳುವವರೆಗೂ ಮತ್ತೆ ಏರಲಿಲ್ಲ. ನಿಖಿಲ್ ಬ್ಯಾನರ್ಜಿ, ಹರಿಪ್ರಸಾದ್ ಚೌರಾಸಿಯಾ ಅವರಂಥವರಿಗೆ ಪಾಠ ಹೇಳಿದರು, ಆದರೆ ಲೋಕಕ್ಕೆ ನುಡಿಸಲಿಲ್ಲ. ಇದನ್ನೂ ಕಲಾವಿದೆಯ ಆಯ್ಕೆ ಎಂದು ನಯ್ಯರ್ ಪಕ್ಕದಲ್ಲಿ ಬರೆಯುತ್ತೀರಾ?

ವಿಮರ್ಶಕ: ಬರೆಯಲಾರೆ. ಆ ಮನೆಯೊಳಗೆ ನಡೆದದ್ದನ್ನು ನಾವು ಹೊರಗಿನಿಂದ ತೀರ್ಮಾನಿಸಬಾರದು. ಆದರೆ ಬದುಕಿಡೀ ತನ್ನ ವಿದ್ಯೆಯನ್ನು ಬಾಗಿಲ ಒಳಗೆ ಹಂಚಿದವರ ಮೌನವನ್ನು ಶೈಲಿಯ ತೀರ್ಮಾನ ಎಂದು ಕರೆಯುವಂತಿಲ್ಲ. ನಯ್ಯರ್ ಬೇಡವೆಂದಾಗ ಲತಾ ಅವರಿಗೆ ಒಂದು ದಿನದ ಕೆಲಸವೂ ಕಡಿಮೆಯಾಗಲಿಲ್ಲ. ಇಲ್ಲಿ ‘ಇಲ್ಲ’ ಎಂಬುದರ ಇಡೀ ಭಾರ ಒಬ್ಬರ ಮೇಲೇ ಬಿತ್ತು. ಕಾರಣದಿಂದ ಅಳೆಯಬೇಕು ಎಂದ ನನ್ನ ಮಾತನ್ನು ಇಲ್ಲಿಯವರೆಗೂ ಎಳೆಯಬೇಕು, ನೀವು ಎಳೆದದ್ದು ಒಳ್ಳೆಯದಾಯಿತು. ಹಾಗೆ ಎಳೆದಾಗ ಇನ್ನೂ ದೊಡ್ಡದೊಂದು ಕಣ್ಣಿಗೆ ಬೀಳುತ್ತದೆ. ಹೆಂಡ್ರಿಕ್ಸ್ ಕಳಿಸಿದ ತಂತಿಯ ಬಗ್ಗೆ ಲೇಖನಗಳಿವೆ. ನಮ್ಮ ಕರ್ನಾಟಕ ಸಂಗೀತದಲ್ಲಿ ದಶಕಗಳ ಕಾಲ ದಿನಾ ಸಂಜೆ ನಡೆಯದೆ ಹೋದ ಜೊತೆಗಾರಿಕೆಗಳ ಬಗ್ಗೆ ಅಷ್ಟು ಕೊರಗು ಕೇಳಿಸುವುದಿಲ್ಲ. ಪಾಲ್ಘಾಟ್ ಮಣಿ ಅಯ್ಯರ್ ಅವರಿಗಿಂತ ದೊಡ್ಡ ಮೃದಂಗ ವಾದಕರನ್ನು ಹೆಸರಿಸುವುದು ಕಷ್ಟ. ‘ಸಂಗೀತ ಕಲಾನಿಧಿ’ ಪಡೆದ ಮೊದಲ ಮೃದಂಗ ವಿದ್ವಾಂಸರು ಅವರು, 1966ರಲ್ಲಿ. ಅಂಥವರು ವೃತ್ತಿಜೀವನದ ಬಹುಭಾಗ ಹೆಂಗಸರ ಹಾಡಿಕೆಗೆ ಪಕ್ಕವಾದ್ಯ ನುಡಿಸಲಿಲ್ಲ. ಆ ರೂಢಿಯನ್ನು ಅವರು ಮುರಿದದ್ದು ಡಿ.ಕೆ. ಪಟ್ಟಮ್ಮಾಳ್ ಅವರಿಗಾಗಿ. ಮುಂದೆ ಇಬ್ಬರೂ ಬೀಗರಾದರು. ಎಂ.ಎಸ್. ಸುಬ್ಬುಲಕ್ಷ್ಮಿ, ಎಂ.ಎಲ್. ವಸಂತಕುಮಾರಿ ಹಾಡುತ್ತಿದ್ದ ಆ ಇಡೀ ಕಾಲದಲ್ಲಿ ಎಷ್ಟು ಕಛೇರಿಗಳು ಹಾಗೆ ಹುಟ್ಟುವ ಮೊದಲೇ ಇಲ್ಲವಾದವು ಎಂದು ಯೋಚಿಸಿ.

ರಸಿಕ: ಈಗ ನಾನೇ ನಿಮ್ಮ ಹಳೆಯ ವಾದವನ್ನು ನಿಮಗೆ ಒಡ್ಡುತ್ತೇನೆ. ಮಣಿ ಅಯ್ಯರ್ ಮೈಕಿನ ಸದ್ದನ್ನೂ ಸಹಿಸುತ್ತಿರಲಿಲ್ಲ. ನಾದದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು. ಹೆಣ್ಣಿನ ಶ್ರುತಿ ಮೇಲಿನದು, ಅದಕ್ಕೆ ಮೃದಂಗವೇ ಬೇರೆ ಬೇಕು, ನಾದ ತೆಳುವಾಗುತ್ತದೆ. ಅವರೂ ನಯ್ಯರ್ ಅವರಂತೆ ತಮ್ಮ ನಾದಕ್ಕೆ ಹೊಂದದ್ದನ್ನು ಬೇಡವೆಂದರು ಎನ್ನಬಹುದಲ್ಲ? ಇಲ್ಲದಿದ್ದರೆ ಕಾಲಧರ್ಮ ಎನ್ನಿ. ಆಗಿನವರೆಲ್ಲ ಹಾಗೇ ಇದ್ದರು.

ವಿಮರ್ಶಕ: ಈ ಎರಡು ಆಕ್ಷೇಪಗಳಿಗೂ ಒಂದೇ ಉತ್ತರ ಸಾಕು, ಆ ಉತ್ತರ ಅದೇ ಗುರುಮನೆಯಲ್ಲಿದೆ. ತಂಜಾವೂರು ವೈದ್ಯನಾಥ ಅಯ್ಯರ್ ಅವರಲ್ಲಿ ಮಣಿ ಅಯ್ಯರ್ ಕಲಿತರು, ಟಿ.ಕೆ. ಮೂರ್ತಿ ಕೂಡ ಕಲಿತರು. ಅದೇ ಪಾಠ, ಅದೇ ಬಾನಿ. ಮೂರ್ತಿ ಹತ್ತಾರು ವರ್ಷ ಸುಬ್ಬುಲಕ್ಷ್ಮಿ ಅವರ ಪಕ್ಕದಲ್ಲಿ ಕೂತು ನುಡಿಸಿದರು. ಆ ನಾದ ತೆಳುವಾಯಿತು ಎಂದು ಯಾವ ಕೇಳುಗನೂ ಹೇಳಲಾರ. ಕಾಲವೇ ಹಾಗಿತ್ತು ಎಂದರೆ ಅದೇ ಕಾಲದಲ್ಲಿ ಮೂರ್ತಿ ಹೇಗೆ ಕೂತರು? ಶ್ರುತಿಯೇ ಕಾರಣವಾಗಿದ್ದರೆ ಪಟ್ಟಮ್ಮಾಳ್ ಅವರಿಗೆ ನುಡಿಸಲು ಮನಸ್ಸು ಬಂದದ್ದು ಹೇಗೆ? ನಯ್ಯರ್ ತಮ್ಮ ಹಾಡಿಗೆ ಒಂದು ಕಂಠ ಬೇಡವೆಂದರು, ಇನ್ನೊಂದು ಹೆಣ್ಣು ಕಂಠವನ್ನು ಎತ್ತಿ ಹಿಡಿದರು. ಕೇಳಿ ನೋಡಿ ಬೇಡವೆನ್ನುವುದಕ್ಕೂ, ಕೇಳುವ ಮೊದಲೇ ಒಂದು ಗುಂಪನ್ನೇ ಹೊರಗಿಡುವುದಕ್ಕೂ ಇರುವ ಅಂತರ ಇದು. ಮಣಿ ಅಯ್ಯರ್ ಅವರ ಕಲೆಯ ಮುಂದೆ ನಾನು ತಲೆ ಬಾಗುತ್ತೇನೆ. ಈ ಒಂದು ವಿಷಯದಲ್ಲಿ ಅವರ ನಿಲುವು ಅವರ ಸಂಗೀತಕ್ಕಿಂತ ಚಿಕ್ಕದಾಗಿತ್ತು ಎಂದು ಹೇಳಲೇಬೇಕು. ಹೆಂಗಸರೇ ಪಕ್ಕವಾದ್ಯಕ್ಕೆ ಕೂತಾಗ ಬಾಗಿಲು 20ನೆಯ ಶತಮಾನದ ಕೊನೆಗೂ ಸುಲಭವಾಗಿ ತೆರೆಯಲಿಲ್ಲ. ಬೆಂಗಳೂರಿನ ಘಟ ವಾದಕಿ ಸುಕನ್ಯಾ ರಾಮಗೋಪಾಲ್ ಅವರು ವಿಕ್ಕು ವಿನಾಯಕರಾಮ್ ಅವರ ತಂದೆ ಹರಿಹರ ಶರ್ಮರ ಶಿಷ್ಯೆ. ಹೆಣ್ಣಿನ ಪಕ್ಕ ತನಿ ಆವರ್ತನಕ್ಕೆ ಕೂರಲು ಒಪ್ಪದ ಮೃದಂಗ ವಾದಕರನ್ನು ಎದುರಿಸಿದ್ದನ್ನು ಅವರು ಬಹಿರಂಗವಾಗಿಯೇ ಹೇಳಿದ್ದಾರೆ. 1995ರಲ್ಲಿ ಅವರು ಹೆಂಗಸರದೇ ಒಂದು ವಾದ್ಯತಂಡ ಕಟ್ಟಿದರು, ‘ಸ್ತ್ರೀ ತಾಳ್ ತರಂಗ್’. ಹೊಸದೊಂದು ಹುಟ್ಟಿತು, ನಿಜ. ಆದರೆ ಆಶಾ ಅವರ ವಿಷಯದಲ್ಲಿ ಹೇಳಿದಂತೆ ಇದನ್ನು ಗೈರುಹಾಜರಿಯ ಫಲ ಎಂದು ಹೊಗಳಲು ನನಗೆ ಬಾಯಿ ಬಾರದು. ಅವರು ಅಷ್ಟು ಶ್ರಮವನ್ನು ಬಾಗಿಲು ತಟ್ಟುವುದಕ್ಕೆ ವ್ಯಯ ಮಾಡಬೇಕಿರಲಿಲ್ಲ.

ರಸಿಕ: ಹಾಗಾದರೆ ನಷ್ಟ ಎಂಬ ಪದವನ್ನು ನೀವು ಇಲ್ಲಿಗೆ ಮೀಸಲಿಡುತ್ತೀರಿ.

ವಿಮರ್ಶಕ: ಮುಖ್ಯವಾಗಿ ಇಲ್ಲಿಗೆ. ಹೆಸರಾಂತ ಇಬ್ಬರು ಕೂಡದೆ ಹೋದದ್ದು ನಮಗೆ ಗೊತ್ತಾಗುವುದೇ ಇಬ್ಬರೂ ಹೆಸರು ಮಾಡಿದ್ದರಿಂದ. ಯಾರ ಪಕ್ಕದಲ್ಲೂ ಕೂರಲು ಅವಕಾಶ ಸಿಗದವರ ಹೆಸರೇ ನಮಗೆ ತಿಳಿಯದು. ಅವರು ಯಾರ ಕನಸಿನ ಜುಗಲ್‌ಬಂದಿಯಲ್ಲೂ ಬರುವುದಿಲ್ಲ. ಆ ಲೆಕ್ಕ ಎಷ್ಟು ದೊಡ್ಡದು ಎಂದು ತಿಳಿಯಲು ಒಂದೇ ದಾರಿ, ಅಡ್ಡಿ ತಪ್ಪಿದ ಕಡೆ ಏನಾಯಿತು ಎಂದು ನೋಡುವುದು. ಆಗಲೇ ಹೇಳಿದ ಕದ್ರಿ ಅವರನ್ನೇ ತೆಗೆದುಕೊಳ್ಳಿ. ಅವರ ವಾದ್ಯ ಶಾಸ್ತ್ರೀಯ ವೇದಿಕೆಗೆ ಹೊರಗಿನದು. ವರ್ಷಗಟ್ಟಲೆ ಅವರ ಜೊತೆ ಸಮಸಮವಾಗಿ ನುಡಿಸಿದ ಪಿಟೀಲು ವಿದುಷಿ ಎ. ಕನ್ಯಾಕುಮಾರಿ, ಆಕೆ ಅದಕ್ಕೂ ಮೊದಲು ವಸಂತಕುಮಾರಿ ಅವರಿಗೆ ದೀರ್ಘಕಾಲ ಪಕ್ಕವಾದ್ಯ ನುಡಿಸಿದವರು. ಸ್ಯಾಕ್ಸೊಫೋನಿನ ಗಡಸು ನಾದದ ಕೆಳಗೆ ಪಿಟೀಲನ್ನು ಮುಳುಗಿಸದೆ, ಅದಕ್ಕೆ ಎದುರಾಗಿಯೂ ನಿಲ್ಲಿಸದೆ, ಎರಡನ್ನೂ ಒಂದು ಉಸಿರಿಗೆ ತಂದ ಜೋಡಿ ಅದು. ಮುಂದೆ ಅಮೆರಿಕದ ಜ್ಯಾಸ್ ವಾದಕ ರುದ್ರೇಶ್ ಮಹಾಂತಪ್ಪ ಕದ್ರಿ ಅವರನ್ನು ಹುಡುಕಿಕೊಂಡು ಬಂದರು. 2008ರಲ್ಲಿ ‘ಕಿನ್ಸ್‌ಮೆನ್’ ಹೊರಬಂತು. ಅದರಲ್ಲಿ ಎರಡು ಸ್ಯಾಕ್ಸೊಫೋನುಗಳಿವೆ, ಒಂದು ಕೋಲ್ಟ್ರೇನ್ ನಂತರದ ಪರಂಪರೆಯದು, ಇನ್ನೊಂದು ಮಂಗಳೂರಿನದು. ಜೊತೆಗೆ ಗಿಟಾರು, ಡ್ರಮ್ಸು, ಪೂವಲೂರ್ ಶ್ರೀಜಿ ಅವರ ಮೃದಂಗ, ಕನ್ಯಾಕುಮಾರಿ ಅವರ ಪಿಟೀಲು. ಕೇಳಿಲ್ಲದಿದ್ದರೆ ದಯವಿಟ್ಟು ಕೇಳಿ. 2016ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಕನ್ಯಾಕುಮಾರಿ ಅವರಿಗೆ ‘ಸಂಗೀತ ಕಲಾನಿಧಿ’ ಕೊಟ್ಟಿತು. ಅಲ್ಲಿಯವರೆಗೆ ಆ ಬಿರುದು ಯಾವ ಪಿಟೀಲು ವಿದುಷಿಗೂ ಸಂದಿರಲಿಲ್ಲ.